ಪ್ರಾಸವಿಲ್ಲದ ಉತ್ತರ

ಲಾಮು
ಜೂನ್ ೬, ೧೯೭೭

ಮುದ್ದಿನ ಮೊಮ್ಮಗಳು ಸೌದಾಗೆ ತಾತನ ಸಲಾಮು.

ಮೊದಲು ಕ್ಷೇಮ ಸಮಾಚಾರ. ನಾನು ಚೆನ್ನಾಗಿದ್ದೇನೆ, ನಿನ್ನ ಅಮ್ಮ ಚೆನ್ನಾಗಿದ್ದಾಳೆ, ಕತ್ತೆಯೂ ಚೆನ್ನಾಗಿದೆ. ಇನ್ನು ಜಗಳಕ್ಕೆ ಬರುತ್ತೇನೆ.

ಶುಕ್ರವಾರದ ದೋಣಿಯಲ್ಲಿ ನಮ್ಮ ದ್ವೀಪಕ್ಕೆ ಪತ್ರಿಕೆ ಬಂತು. ನಮ್ಮ ಜಗಲಿಯಲ್ಲಿ ಪದ್ಯದ ಪುಟ ಮೊದಲು, ಮಿಕ್ಕ ಸುದ್ದಿ ಆಮೇಲೆ. ಹೊಲಿಯುತ್ತಿದ್ದ ಟೋಪಿ ಮಡಿಲಿಗೆ ಹಾಕಿಕೊಂಡು ಎಂದಿನಂತೆ ನಾನೇ ಓದಲು ಕೂತೆ. ನೋಡುತ್ತೇನೆ, ಮೂಲೆಯಲ್ಲಿ ‘ಸೌದಾ ಅಲಿ ಕೊಂಬೊ, ಮೊಂಬಾಸಾ’ ಎಂದು ಅಚ್ಚಾಗಿದೆ! ಬೀದಿಯ ತುದಿ ದಾಟಿದ್ದ ಕಾಫಿಯವನು ವಾಪಸು ಬರುವಷ್ಟು ಜೋರಾಗಿ ಕೂಗಿದೆ. “ನನ್ನ ಮೊಮ್ಮಗಳು ಕಣ್ರಯ್ಯಾ! ಎಲ್ಲರಿಗೂ ಶುಂಠಿ ಕಾಫಿ ಹಾಕೋ!”

ಮೊದಲ ಸಾಲು ಓದಿದೆ. ಎಲ್ಲರೂ ತಲೆದೂಗಿದರು. ಎರಡನೆಯದು ಓದಿದೆ. ಪ್ರಾಸ ಬರಲಿಲ್ಲ. ಮುಂದೆ ಬರುತ್ತದೆ ಎಂದು ಮೂರನೆಯದು ಓದಿದೆ. ಅಲ್ಲೂ ಇಲ್ಲ. ಒಂದು ಸಾಲು ಹಡಗಿನಷ್ಟು ಉದ್ದ, ಇನ್ನೊಂದು ಎರಡೇ ಪದ. ಹಾಜಿ ಮುಹಸಿನ್ “ಅಚ್ಚು ತಪ್ಪಿರ್ಬೇಕು, ಅರ್ಧ ಬಿಟ್ಟುಹೋಗಿದೆ, ಹಿಂದ್ಗಡೆ ನೋಡು” ಎಂದರು. ನಾನು ಪುಟ ತಿರುಗಿಸಿ ನೋಡಿದೆನಮ್ಮಾ. ಅಲ್ಲಿ ಹಲ್ಲುಪುಡಿಯ ಜಾಹೀರಾತು ಇತ್ತು.

ಲಂಗೋನಿ ಕೇರಿಯ ಶೆಕುವೆಗೆ ನಮ್ಮ ಬೀದಿಯಲ್ಲಿ ಏನು ಕೆಲಸ ಹೇಳು? ಆದರೂ ಅವತ್ತೇ ಬಂದು ಕೂತಿದ್ದ. “ಏನಯ್ಯಾ ಕೊಂಬೊ, ನಿನ್ನ ಮೊಮ್ಮಗಳು ಪದ್ಯ ಬರೀತಾಳೋ, ಸಾಮಾನಿನ ಚೀಟಿ ಬರೀತಾಳೋ?” ಎಂದ. ಮೂವತ್ತು ವರ್ಷದಿಂದ ನಾನು ಪದ ಕಟ್ಟಿದರೆ ಅವನು ಬಿಡಿಸುತ್ತಾನೆ, ಅವನು ಕಟ್ಟಿದರೆ ನಾನು. ಆ ಬಾಯಿಗೆ ನಾನು ಸುಮ್ಮನಿರಬೇಕೆ? ಆದರೆ ಏನೆಂದು ವಾದಿಸಲಿ? “ಮೂಳೆ ತೆಗೆದ ಮೀನು ಇದು. ತಿನ್ನಬಹುದು, ಈಜಲ್ಲ” ಎಂದು ಎಲ್ಲರೆದುರು ನಾನೇ ಹೇಳಿಬಿಟ್ಟೆ.

ನಿನ್ನ ತಾತ ಶಾಲೆ ಕಂಡವನಲ್ಲ. ಅರಬ್ಬಿ ಅಕ್ಷರ ಮಸೀದಿಯ ಗುರುಗಳಿಂದ ಬಂತು, ಕಾಗದ ಬರೆಯುತ್ತಿರುವ ಈ ಇಂಗ್ಲಿಷ್ ಅಕ್ಷರ ಸಾಬೂನಿನ ಪೊಟ್ಟಣ, ಸೀಮೆಎಣ್ಣೆ ಡಬ್ಬ ನೋಡಿ ಬಂತು. ಪದ್ಯ ಮಾತ್ರ ಟೋಪಿ ಹೊಲಿಯುತ್ತಾ ಕಿವಿಯಿಂದ ಕಲಿತದ್ದು. ಸಾಲಿನ ಈ ಕಡೆ ಎಂಟು ಅಕ್ಷರ, ಆ ಕಡೆ ಎಂಟು, ನಡುವೆ ಒಂದು ಪ್ರಾಸ, ತುದಿಗೊಂದು ಪ್ರಾಸ. ತಕ್ಕಡಿ ಅಲುಗಬಾರದು. ಇದು ಬಿಟ್ಟರೆ ಉಳಿಯುವುದು ಬರೀ ಮಾತು.

ಆ ಪುಟ ಕತ್ತರಿಸಿ ಗೋಡೆಗೆ ಅಂಟಿಸಿದ್ದೇನೆ. ಹೆಸರು ನೋಡಲಿಕ್ಕೆ ಮಾತ್ರ.

ಸಿಟ್ಟಿನಲ್ಲೂ ನಿನ್ನವನೇ ಆದ
ತಾತ ಕೊಂಬೊ


ಮೊಂಬಾಸಾ, ಶಿಕ್ಷಕಿಯರ ತರಬೇತಿ ಕಾಲೇಜಿನ ಹಾಸ್ಟೆಲು
ಜೂನ್ ೧೯, ೧೯೭೭

ಪ್ರೀತಿಯ ತಾತ, ಸಲಾಮು.

ಹಲ್ಲುಪುಡಿಯ ಜಾಗ ಓದಿ ನಕ್ಕು ನಕ್ಕು ಮಂಚದಿಂದ ಜಾರಿದೆ. ರೂಮಿನವರಿಗೆಲ್ಲ ಓದಿ ಹೇಳಿದೆ. ‘ಈಜದ ಮೀನು’ ಎಂದು ಈಗ ನನ್ನನ್ನು ಇಲ್ಲಿ ಎಲ್ಲರೂ ಕರೆಯುತ್ತಾರೆ. ಸಂತೋಷವಾಯಿತಾ?

ನಾನೊಬ್ಬಳೇ ಅಲ್ಲ ತಾತ. ಇಲ್ಲಿ ನಾವು ಐದಾರು ಜನ ಇದ್ದೇವೆ. ಸಂಜೆ ಹಾಸ್ಟೆಲಿನ ತಾರಸಿಯ ಮೇಲೆ ಕೂತು ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುತ್ತೇವೆ. ಪತ್ರಿಕೆಗೆ ಯಾರೋ ಹಿರಿಯರು ನಮ್ಮನ್ನು ‘ಪದ್ಯದ ಮನೆಗೆ ಕನ್ನ ಹಾಕಿದವರು’ ಎಂದು ಬೈದು ಬರೆದಿದ್ದಾರೆ. ಬೈಗುಳವನ್ನೂ ಎಂಟೆಂಟು ಅಕ್ಷರ ತೂಗಿಯೇ ಬರೆದಿದ್ದಾರೆ ಪಾಪ.

ನಿಮ್ಮ ಪದ ಕೇಳಿಕೊಂಡೇ ಬೆಳೆದವಳು ನಾನು. ಪ್ರಾಸ ಬಾರದೆ ಬಿಟ್ಟದ್ದಲ್ಲ. ಬರೆಯಲು ಕೂತರೆ ಪ್ರಾಸ ನನಗಿಂತ ಮುಂದೆ ಓಡುತ್ತದೆ. ನಾನು ಹೇಳಬೇಕೆಂದದ್ದು ಒಂದು, ಅದು ಎಳೆದುಕೊಂಡು ಹೋಗಿ ನಿಲ್ಲಿಸುವ ಜಾಗ ಇನ್ನೊಂದು. ಹೋಗಲಿ, ನಿಮ್ಮ ಅಜ್ಜಿ ಅಕ್ಕಿ ಕುಟ್ಟುವಾಗ ಹಾಡುತ್ತಿದ್ದ ಪದಗಳಿಗೆ ಪ್ರಾಸ ಇತ್ತಾ? ಇರಲಿಲ್ಲ ಎಂದು ನೀವೇ ಒಮ್ಮೆ ಹೇಳಿದ್ದಿರಿ.

ಈ ತಿಂಗಳಿಂದ ಲಿಕೋನಿ ದೋಣಿಕಟ್ಟೆಯ ಹತ್ತಿರದ ಶಾಲೆಯಲ್ಲಿ ಪಾಠ ಮಾಡುತ್ತಿದ್ದೇನೆ. ಒಂದೇ ಕೋಣೆಯಲ್ಲಿ ನಲವತ್ತು ಮಕ್ಕಳು. ನನ್ನನ್ನು ‘ಟೀಚರ್’ ಎಂದು ಮೊದಲ ಸಲ ಕರೆದಾಗ ಹಿಂದೆ ಯಾರೋ ನಿಂತಿದ್ದಾರೆ ಎಂದು ತಿರುಗಿ ನೋಡಿದೆ. ಇನ್ನೊಂದು ವರ್ಷ ತಾತ. ಆಮೇಲೆ ಕೈಯಲ್ಲಿ ಸರ್ಟಿಫಿಕೇಟು, ನನ್ನದೇ ತರಗತಿ.

ಅಮ್ಮನಿಗೆ ಸಲಾಮು. ಕತ್ತೆಗೂ.

ಈಜದ ಮೀನು,
ಸೌದಾ


ಲಾಮು
ಜುಲೈ ೪, ೧೯೭೭

ಸೌದಾ, ಸೌದಾ, ನನ್ನ ಬಂಗಾರ,

ನೀನು ಇಲ್ಲಿ ಇರಬೇಕಿತ್ತು! ನಿನ್ನೆ ಸಂಜೆಯ ನಮಾಜಿಗೆ ಮೊದಲು ನಮ್ಮ ಜಗಲಿಯ ಮೇಲೆ ನಡೆದಂಥ ಪದದ ಜುಗಲ್‌ಬಂದಿ ನಿಮ್ಮ ಮೊಂಬಾಸಾ ನೂರು ವರ್ಷ ಕಾದರೂ ಕಾಣದು. ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಸರಿಮಾಡಿಕೊಂಡು ಓದು.

ಶೆಕುವೆ ಬಂದ. ಒಬ್ಬನೇ ಅಲ್ಲ, ಹೊಸ ಬಿಳಿ ನಿಲುವಂಗಿ, ಕೈಯಲ್ಲಿ ಬೆತ್ತ, ಹಿಂದೆ ಅವನ ಮನೆಯವರೆಲ್ಲ. ಅಣ್ಣನ ಮಗ ಮುನೀರ್, ಪೇಟೆಯಲ್ಲಿ ಬಟ್ಟೆಯಂಗಡಿ ಇದೆಯಲ್ಲ ಆ ಹುಡುಗ, ಒಂದು ಬದಿಗೆ ತಲೆ ತಗ್ಗಿಸಿ ನಿಂತಿದ್ದ. ಶೆಕುವೆ ಕೆಮ್ಮಿ, ಕಣ್ಣು ಮುಚ್ಚಿ, ಎತ್ತಿಕೊಂಡ ನೋಡು:

ಕಂಡೆವು ನಿಮ್ಮ ಅಂಗಳ, ಕೆತ್ತನೆಯ ಹೆಬ್ಬಾಗಿಲು,
ಹೈದನೆರಡು ಕಂಗಳ ಕಟ್ಟಿಹಾಕಿತು ಹೊಸ್ತಿಲು,
ಕಾಯಿಸಬೇಡಿ ತಿಂಗಳ, ಕಾಯದು ನಮ್ಮ ಕಡಲು,
ನಿಮ್ಮ ಸೌದಾಳ ಕೇಳಲು ಬಂದೆವು, ನೀಡಿ ಉತ್ತರ.

ಅಂಗಳ, ಕಂಗಳ, ತಿಂಗಳ! ಎಂಥ ಇಕ್ಕಟ್ಟಿನ ಪ್ರಾಸ! ಅಷ್ಟಕ್ಕೇ ಬಿಡದೆ ಕೂರುತ್ತಾ ಮೆಲ್ಲಗೆ ಹೇಳುತ್ತಾನೆ, “ಈ ಪ್ರಾಸಕ್ಕೆ ನಮ್ಮ ಕೇರಿಯಾಚೆ ಪದ ಹುಟ್ಟಿಲ್ಲ. ನಿಧಾನ, ಕೊಂಬೊ, ಅವಸರ ಇಲ್ಲ. ಬೇಕಾದ್ರೆ ಮುಂದಿನ ವರ್ಷ ಹೇಳು.” ಅವನ ಮಂದಿ ಕಿಸಕ್ಕನೆ ನಕ್ಕರು.

ನನ್ನ ರಕ್ತ ತಲೆಗೇರಿತು. ಎದ್ದೆ. ಟೋಪಿ, ಸೂಜಿ ಎಲ್ಲ ಕೆಳಗೆ ಬಿದ್ದವು. ಬಾಯಿ ತೆರೆದೆ, ಬಂತು:

ಬಂದ ಮಾತಿದು ಮಂಗಳ, ತೆರೆದೇ ಇದೆ ಹಗಲು,
ಬೇಗನೆ ಬೆಳದಿಂಗಳ ತರಲಾರದು ಮುಗಿಲು,
ಓದಿ ಎಲ್ಲ ಪದಂಗಳ ಅವಳೂರಿಗೆ ಬರಲು,
ಕಾಯಿರಿ ಸ್ವಲ್ಪ, ಕೇಳಲು ಅವಳ ಬಾಯ ಉತ್ತರ.

ಪದಂಗಳ! ಹಳೇ ಮುದುಕರ ಬಾಯಲ್ಲಿ ಮಾತ್ರ ಉಳಿದಿದ್ದ ರೂಪ! ಎಲ್ಲಿಂದ ಬಂತೋ ದೇವರೇ ಬಲ್ಲ. ಜಗಲಿಯವರು ಹೋ ಎಂದು ಎದ್ದರು. ಹಾಜಿ ಮುಹಸಿನ್ ನನ್ನ ಹೆಗಲು ತಟ್ಟಿದರು. ಶೆಕುವೆಯೇ ಬಂದು ಅಪ್ಪಿಕೊಂಡ. ಮೂವತ್ತು ವರ್ಷದಲ್ಲಿ ಅವನು ನನ್ನನ್ನು ಅಪ್ಪಿಕೊಂಡದ್ದು ಇದೇ ಮೊದಲು. ಅವರ ಕಡೆಯವರು ಹಲ್ವಾದ ತಟ್ಟೆ ತೆಗೆದರು. ನಾನೂ ತಿಂದೆ. ಚೆನ್ನಾಗಿತ್ತು.

ಒಂದು ಸಣ್ಣ ವಿಷಯ ಇದೆ. ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಗಾಳಿ ಈಗ ತೆಂಕಣದಿಂದ ಜೋರಾಗಿ ಬೀಸುತ್ತಿದೆ, ದೋಣಿಗಳು ಎರಡು ದಿನ ತಡವಾಗಿ ಬರುತ್ತಿವೆ. ನಿನ್ನ ಅಮ್ಮ ನನ್ನ ಹಿಂದೆಯೇ ನಿಂತಿದ್ದಾಳೆ, ಕಾಗದ ಕೇಳುತ್ತಿದ್ದಾಳೆ. ಕೊಡುತ್ತೇನೆ.

ತಾತ

ಸೌದಾ, ಅಮ್ಮ ಬರೀತಿದೀನಿ. ನಿಮ್ಮ ತಾತ ನಿನ್ನ ಮದುವೆ ಒಪ್ಪಿ ಬಂದಿದ್ದಾರೆ. ಹೆಣ್ಣು ಕೇಳುವ ಪದಕ್ಕೆ ಅದೇ ಪ್ರಾಸದಲ್ಲಿ ಉತ್ತರ ಕೊಟ್ಟರೆ ಈ ಬೀದೀಲಿ ಏನರ್ಥ ಅಂತ ನಿಂಗೂ ಗೊತ್ತು. ನನ್ನ ಮದುವೇನೂ ಹಾಗೇ ಆಗಿದ್ದು. ಬೇರೆ ಪ್ರಾಸ ಹಿಡಿದಿದ್ದರೆ ಇನ್ನೂ ಮಾತಾಡೋಣ ಅಂತ ಆಗ್ತಿತ್ತು. ಇವರು ಅದೇ ಪ್ರಾಸ ಹಿಡಿದು ಕುಣಿದರು. ‘ಕಾಯಿರಿ ಅಂದಿದೀನಲ್ಲಮ್ಮ’ ಅಂತಾರೆ ಈಗ. ಮಾತು ಏನಾದರೂ ಹೇಳಲಿ, ಪ್ರಾಸ ಹೂಂ ಅಂದಿದೆ ಅಂತ ಜಗಲಿಗೆ ಹಿರಿಯರಾದ ಹಾಜಿಗಳು ತೀರ್ಪು ಕೊಟ್ಟಾಯ್ತು. ರಂಜಾನ್ ಹಬ್ಬ ಕಳೆದ ಮೇಲೆ ಮದುವೆ ಅಂತ ಅವರು ಹೊರಟಿದ್ದಾರೆ. ನಾನು ಮಹಡಿ ಕಿಟಕೀಲಿ ನಿಂತು ‘ಮಾವಾ, ಮಾವಾ’ ಅಂತ ಕೂಗಿದೆ. ಯಾರಿಗೆ ಕೇಳಿಸುತ್ತೆ? ಹುಡುಗ ಕೆಟ್ಟವನಲ್ಲ. ಆದರೆ ನಿನ್ನ ಓದು?
ನಿನ್ನ ಅಮ್ಮ, ತಿಮಾ


ಮೊಂಬಾಸಾ
ಜುಲೈ ೧೩, ೧೯೭೭

ತಾತ,

ಕಾಗದವನ್ನು ದೋಣಿಕಟ್ಟೆಯಲ್ಲಿ ನಿಂತು ಓದಿದೆ. ಒಂದು ದೋಣಿ ತಪ್ಪಿತು. ಇನ್ನೊಂದೂ ತಪ್ಪಿತು. ಶಾಲೆಗೆ ಹೋಗುವಷ್ಟರಲ್ಲಿ ಮಕ್ಕಳು ಬೆಂಚು ಹತ್ತಿ ಕುಣಿಯುತ್ತಿದ್ದರು.

ನಿಮ್ಮ ಪದ ಬಹಳ ಚೆನ್ನಾಗಿದೆ. ಅದೇ ನನಗೆ ಹೆಚ್ಚು ಸಿಟ್ಟು ತರಿಸುತ್ತಿರುವುದು.

ಅಪ್ಪ ಹೋದ ಮೇಲೆ ನನ್ನ ಪರವಾಗಿ ಮಾತಾಡುವವರು ನೀವೇ ಎಂದು ನಂಬಿದ್ದೆ. ನನಗೆ ಈ ಮದುವೆ ಬೇಡ. ಮುಂದಿನ ವರ್ಷವೂ ಮುನೀರ್ ಬೇಡ. ಹಿಂತೆಗೆದುಕೊಳ್ಳಿ.

ಸೌದಾ


ಲಾಮು
ಜುಲೈ ೨೪, ೧೯೭೭

ನನ್ನ ಕಂದ ಸೌದಾಗೆ,

ನಿನ್ನ ಕಾಗದ ಟೋಪಿಯೊಳಗೆ ಇಟ್ಟುಕೊಂಡು ತಿರುಗುತ್ತಿದ್ದೇನೆ. ಸೂಜಿ ಹಿಡಿದರೆ ಕೈ ಓಡುವುದಿಲ್ಲ. ನಿನ್ನ ಅಮ್ಮ ನನಗೆ ಅನ್ನ ಹಾಕುತ್ತಾಳೆ, ಮೀನು ಹಾಕುತ್ತಾಳೆ, ಮಾತು ಮಾತ್ರ ಹಾಕುವುದಿಲ್ಲ. ನಿನ್ನೆ ಕತ್ತೆಯ ಹತ್ತಿರ ಹೇಳುತ್ತಿದ್ದಳು, “ನೀನೇ ವಾಸಿ ಕಣೋ, ಅರಚಿದ್ರೂ ಪ್ರಾಸ ಇಲ್ದೆ ಅರಚ್ತೀಯ.”

ಹಾಜಿಗಳ ಮನೆಗೆ ಹೋಗಿ ಕಾಲು ಹಿಡಿಯುವುದೊಂದು ಬಿಟ್ಟು ಎಲ್ಲ ಮಾಡಿದೆ. ಆಡಿದವನೇ ಆಡಿದ ಪದ ಹಿಂತೆಗೆಯುವಂತಿಲ್ಲ ಎನ್ನುತ್ತಾರೆ. ಆದರೆ ಒಂದು ದಾರಿ ಇದೆ! ಹುಡುಗಿಯೇ ಸ್ವಂತ ಪದ್ಯ ಕಳಿಸಿ, ಅದನ್ನು ಇದೇ ಜಗಲಿಯ ಮೇಲೆ ಓದಿದರೆ ಅಜ್ಜನ ಪದ ಇಳಿಯುತ್ತದೆ. ಹಿಂದೆ ಇಬ್ಬರು ಹುಡುಗಿಯರು ಹಾಗೆ ಮಾಡಿದ್ದುಂಟಂತೆ. ಕೇಳಿದ ತಕ್ಷಣ ಬೀದಿಯಲ್ಲಿ ಓಡುತ್ತಾ ಬಂದೆ. ಮುದುಕ ಓಡುವುದನ್ನು ನೋಡಲು ಜನ ಕಿಟಕಿ ತೆರೆದರು.

ನೀನು ಕಷ್ಟಪಡಬೇಡ. ನಾನೇ ಬರೆದು ನಿನ್ನ ಹೆಸರು ಹಾಕುತ್ತೇನೆ. ಬೇರೆಯೇ ಪ್ರಾಸದಲ್ಲಿ ನಾಲ್ಕು ಸಾಲು. ಶೆಕುವೆ ಅದಕ್ಕೆ ಉತ್ತರ ತರುತ್ತಾನೆ, ತರಲಿ. ನಾನು ಮತ್ತೆ ಕೊಡುತ್ತೇನೆ. ಅವನು ಮತ್ತೆ ತರುತ್ತಾನೆ. ಶೇಲಾ ಊರಿನ ಒಂದು ಹೆಣ್ಣಿಗಾಗಿ ಅವನು ಎರಡು ವರ್ಷ ಹೀಗೆ ಪದ ಹೊತ್ತು ತಿರುಗಿದ್ದ. ಕೊನೆಗೆ ಆ ಹುಡುಗಿ ಬೇಸತ್ತು ಅವನ ಪ್ರಾಸವನ್ನೇ ಹಿಡಿದಳು, ಮದುವೆಯಾಯಿತು.

ಇದನ್ನು ಬರೆದ ಮೇಲೆ ಇದೂ ಅಷ್ಟೇನೂ ಒಳ್ಳೆಯ ದಾರಿಯಲ್ಲ ಅನ್ನಿಸುತ್ತಿದೆ. ಆದರೂ ಬರೆಯಲಾ? ಹೂಂ ಎಂದು ಒಂದು ಮಾತು ಕಳಿಸು.

ತಾತ ಕೊಂಬೊ


ಮೊಂಬಾಸಾ
ಆಗಸ್ಟ್ ೫, ೧೯೭೭

ತಾತ,

ಬರೆಯಬೇಡಿ. ನಾನು ಬರೆದಿದ್ದೇನೆ.

ಅದೇ ಪ್ರಾಸ ಹಿಡಿದರೆ ಒಪ್ಪಿಗೆ. ಬೇರೆ ಪ್ರಾಸ ಹಿಡಿದರೆ ಚೌಕಾಸಿ. ಪ್ರಾಸವನ್ನೇ ಹಿಡಿಯದಿದ್ದರೆ? ಶೆಕುವೆ ಅಜ್ಜ ತಮ್ಮ ಮುಂದಿನ ಪದವನ್ನು ಎಲ್ಲಿ ನೇತುಹಾಕುತ್ತಾರೆ? ಈ ಯೋಚನೆ ಬಂದಾಗ ಪಾಠದ ನಡುವೆ ಒಬ್ಬಳೇ ನಕ್ಕೆ. ಮಕ್ಕಳೂ ನಕ್ಕವು, ಯಾಕೆಂದು ತಿಳಿಯದೆ.

ಒಂದೇ ಅಡ್ಡಿ, ನೀವು. ಇದು ಪದ್ಯವೇ ಅಲ್ಲ ಎಂದು ಜಗಲಿ ಹೇಳಿದರೆ ನಾನು ಉತ್ತರ ಕೊಟ್ಟ ಹಾಗೇ ಆಗಲಿಲ್ಲ, ನಿಮ್ಮ ಪದವೇ ನಿಲ್ಲುತ್ತದೆ, ಹಬ್ಬ ಕಳೆದು ನನ್ನ ಮದುವೆ. ಪದ್ಯವಲ್ಲ ಎಂದು ಅಲ್ಲಿ ಎಲ್ಲರಿಗಿಂತ ಜೋರಾಗಿ ಹೇಳಿದವರು ನೀವೇ.

ನೀವೇ ಓದಬೇಕು. ಒಂದು ಅಕ್ಷರ ಕೂಡ ತಿದ್ದಬಾರದು.

ನನ್ನನ್ನು ಕೇಳಿಕೊಂಡು ಬಂದಿರಂತೆ.
ನನ್ನನ್ನು ಮಾತ್ರ ಕೇಳಲಿಲ್ಲ.

ಈ ಬೆಳಿಗ್ಗೆ ನನ್ನ ತರಗತಿಯಲ್ಲಿ
ಒಬ್ಬಳು ತನ್ನ ಹೆಸರಿನ ಮೊದಲ ಅಕ್ಷರ ಬರೆದು
ಉಳಿದದ್ದು ನಾಳೆ ಎಂದಳು.
ಅವಳ ಕೈ ಹಿಡಿದು ನಾನು ಬರೆಯಿಸಲು ಹೋಗದೆ
ಸೀಮೆಸುಣ್ಣವನ್ನು ಅವಳ ಹತ್ತಿರವೇ ಬಿಟ್ಟು ಬಂದೆ.

ಮುನೀರ್, ನಿನ್ನ ಮೇಲೆ ಕೋಪವೇನೂ ಇಲ್ಲ.
ನಿನ್ನ ಮುಖ ನೆನೆಯಲು ಹೋದರೆ
ಅಂಗಡಿಯ ಬಾಗಿಲಲ್ಲಿ ತೂಗುವ ಬಟ್ಟೆ ಕಾಣುತ್ತದೆ,
ಗಾಳಿಗೆ ತುಂಬಿ, ಒಳಗೆ ಯಾರೂ ಇಲ್ಲದೆ.
ನಿನಗೂ ನಾನು ಹಾಗೆಯೇ ಕಂಡಿರಬೇಕು.

ಇಲ್ಲ ಎನ್ನುತ್ತಿದ್ದೇನೆ.
ಇದು ಹೂಂ ಎನ್ನುವುದರ ಸಂಕೋಚವಲ್ಲ,
ಇನ್ನಷ್ಟು ಕೇಳಿ ಎಂಬ ಬಿನ್ನಾಣವೂ ಅಲ್ಲ.
ನಾನು ನಿಲ್ಲಿಸಿದಲ್ಲಿ
ನೀವೂ ನಿಲ್ಲಿ.

ಸೌದಾ


ಲಾಮು
ಆಗಸ್ಟ್ ೧೪, ೧೯೭೭

ಸೌದಾ,

ತಲುಪಿತು. ಓದಿದೆ. ನಾಳೆಯೋ ನಾಡಿದ್ದೋ ಚಂದ್ರ ಕಂಡರೆ ರಂಜಾನ್. ಉಪವಾಸದ ತಿಂಗಳು ಜಗಲಿಯಲ್ಲಿ ಪದ ಇಲ್ಲ. ಹಬ್ಬ ಕಳೆಯಲಿ.

ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ.

ತಾತ


ಲಾಮು
ಸೆಪ್ಟೆಂಬರ್ ೨೨, ೧೯೭೭

ಸೌದಾ! ನನ್ನ ಹುಲಿಮರಿ! ನನ್ನ ಈಜುವ ಮೀನೇ!

ನಿನ್ನ ಅಮ್ಮ ತಂತಿ ಕಳಿಸೋಣ ಎಂದಳು. ತಂತಿಯಲ್ಲಿ ಹಿಡಿಸುವ ಸುದ್ದಿಯೇ ಇದು? ನಿಧಾನವಾಗಿ ಕೂತು ಓದು. ನಾನಂತೂ ಕೂರಲಾರೆ, ನಿಂತೇ ಬರೆಯುತ್ತಿದ್ದೇನೆ.

ನಿನ್ನೆ ಮಧ್ಯಾಹ್ನದ ನಮಾಜು ಮುಗಿಸಿ ಎಲ್ಲರೂ ಸೇರಿದರು. ಸುದ್ದಿ ಹಬ್ಬಿ ಲಂಗೋನಿಯ ಅರ್ಧ ಕೇರಿ ಬಂದಿತ್ತು. ಮಹಡಿಯ ಕಿಟಕಿಗಳಲ್ಲೆಲ್ಲ ಹೆಂಗಸರು. ನಾನು ಕಾಗದ ತೆಗೆಯುವ ಮೊದಲೇ ಶೆಕುವೆ ಎದ್ದ.

“ಹಾಜಿಗಳೇ, ಹುಡುಗಿ ಕಳಿಸಿರೋದು ಪ್ರಾಸ ಇಲ್ಲದ್ದಂತೆ. ಪತ್ರಿಕೇಲಿ ಇಂಥದ್ದೇ ಬಂದಾಗ ಈ ಜಗಲಿ ಮೇಲೆ ಕೂತು ‘ಮೂಳೆ ತೆಗೆದ ಮೀನು’ ಅಂದೋರು ಯಾರು? ಕೊಂಬೊ, ನೀನೇ ಹೇಳಪ್ಪ.”

“ನಾನೇ ಅಂದೆ,” ಎಂದೆ.

“ಈಗ?”

“ಈಗ ನಾನು ಸುಳ್ಳಾಡಿದೆ ಅಂತೀನಿ.”

ಜಗಲಿಯಲ್ಲಿ ಗುಸುಗುಸು ಎದ್ದಿತು. ಈ ಬೀದಿಯಲ್ಲಿ ನನಗಿರುವ ಮರ್ಯಾದೆಯೆಲ್ಲ ಆ ಎಂಟೆಂಟು ಅಕ್ಷರದ್ದೇ. ಆದರೆ ಬಾಯಿ ತೆರೆದ ಮೇಲೆ ನನ್ನ ಅಜ್ಜಿಯೇ ಬಂದು ನಿಂತಳು.

“ಹಾಜಿಗಳೇ, ನಮ್ಮಜ್ಜಿ ಅಕ್ಕಿ ಕುಟ್ತಾ ಹಾಡ್ತಿದ್ದ ಪದಕ್ಕೆ ಪ್ರಾಸ ಇರ್ಲಿಲ್ಲ. ಒನಕೆ ಎಲ್ಲಿ ಬೀಳ್ತೋ ಸಾಲು ಅಲ್ಲಿ ಮುರೀತಿತ್ತು. ಅವಳ ಮುಂದೆ ಯಾರೋ ಈ ನಾಲ್ಕು ಸಾಲಿನ ಪದ ಹಾಡಿದ್ದಕ್ಕೆ ‘ಇವನು ಹಾಡ್ತಾನೋ, ಲವಂಗ ತೂಗ್ತಾನೋ’ ಅಂದ್ಲು. ಅವತ್ತು ಅವಳ ಮಾತು ಕೇಳಿದ್ರೆ ಶೆಕುವೆ ಇವತ್ತು ಏನ್ ಮಾಡ್ತಿದ್ದ? ಮೀನು ಮಾರ್ತಿದ್ದ. ಆಮೇಲೆ ರೇಡಿಯೋದಲ್ಲಿ ಪದ ಬರೋಕೆ ಶುರುವಾಯ್ತು. ‘ಮುಖ ಕಾಣ್ದೆ ಪದಕ್ಕೆ ಪದ ಕೊಡೋದಾ, ಥೂ’ ಅಂದೋರು ನೀವೇ ಹಾಜಿಗಳೇ. ಈಗ ಬ್ಯಾಟರಿ ಮುಗಿದ್ರೆ ನಿಮಗೆ ಊಟ ಸೇರಲ್ಲ.”

ಕಿಟಕಿಗಳಲ್ಲಿ ನಗು. ಹಾಜಿಗಳ ಹೆಂಡತಿಯೇ ಎಲ್ಲರಿಗಿಂತ ಜೋರಾಗಿ ನಕ್ಕದ್ದು.

“ವಾ, ಭಾಷಣ!” ಎಂದ ಶೆಕುವೆ. “ಮೊದ್ಲು ಇದು ಪದ್ಯ ಹೌದೋ ಅಲ್ವೋ ತೀರ್ಮಾನ ಆಗ್ಲಿ. ಆಮೇಲೆ ಓದು.”

“ಕೇಳ್ದೆ ಹೇಗಯ್ಯಾ ತೀರ್ಮಾನ ಮಾಡೋದು? ಮಾವಿನಹಣ್ಣು ಹುಳಿಯೋ ಸಿಹಿಯೋ ಬುಟ್ಟಿ ನೋಡಿ ಹೇಳ್ತೀಯಾ?”

ಹಾಜಿಗಳು ಕೈ ಎತ್ತಿದರು. “ಓದು.”

ಓದಿದೆ. ಹೇಗೆ ಹೇಳಲಿ ನಿನಗೆ! ನಮ್ಮ ಜಗಲಿಯಲ್ಲಿ ಪದ ಓದುವುದು ಗೊತ್ತಲ್ಲ, ಸಾಲಿನ ತುದಿ ಬರುವುದರೊಳಗೆ ಎಲ್ಲರಿಗೂ ಪ್ರಾಸ ಹೊಳೆದಿರುತ್ತದೆ, ಓದುವವನಿಗಿಂತ ಮೊದಲೇ ಕೂಗಿ ಮುಗಿಸುತ್ತಾರೆ. ಅದೇ ಅವರ ಖುಷಿ. ಐವತ್ತು ವರ್ಷ ನನ್ನ ಖುಷಿಯೂ ಅದೇ. ನಾನು ‘ನನ್ನನ್ನು ಮಾತ್ರ ಕೇಳಲಿಲ್ಲ’ ಎಂದೆ. ಎಲ್ಲರೂ ಬಾಯಿ ತೆರೆದು ಮುಂದೆ ಬಾಗಿದರು. ‘ಈ ಬೆಳಿಗ್ಗೆ ನನ್ನ ತರಗತಿಯಲ್ಲಿ’ ಎಂದೆ. ತೆರೆದ ಬಾಯಿ ತೆರೆದೇ ಉಳಿಯಿತು. ಹಿಂದಿನಿಂದ ಯಾವನೋ “ಕಡಲಲ್ಲಿ!” ಎಂದು ಕೂಗಿದ. ಮುಂದಿನ ಸಾಲು ಅವನ ಕಡೆ ಹೋಗಲೇ ಇಲ್ಲ. ಇನ್ನೊಬ್ಬ “ಬರೆಯುವಲ್ಲಿ!” ಎಂದ. ಅದೂ ಬೀಳಲಿಲ್ಲ. ಆಗ ನಮ್ಮ ಕಿಟಕಿಯಿಂದ ನಿನ್ನ ಅಮ್ಮನ ಗಂಟಲು.

“ಬಾಯಿ ಮುಚ್ಕೊಂಡು ಕೇಳ್ರೋ! ಹುಡುಗಿ ಏನೋ ಹೇಳ್ತಿದಾಳೆ!”

ಮುಚ್ಚಿದರು. ಸೀಮೆಸುಣ್ಣದ ಸಾಲಿನ ಹೊತ್ತಿಗೆ ಕಾಫಿಯವನು ಬಟ್ಟಲು ಕುಟ್ಟುವುದನ್ನೂ ನಿಲ್ಲಿಸಿದ್ದ. ನಿನ್ನ ‘ಇಲ್ಲ’ ಬಂದಾಗ, ಸೌದಾ, ಅದು ನನ್ನ ಬಾಯಿಂದ ಬಂತು. ನಿನ್ನನ್ನು ಕೊಟ್ಟ ಬಾಯಿ. ಮತ್ತೊಮ್ಮೆ ಹೇಳಿದೆ. ಕೊನೆಯ ಸಾಲು ಓದಿ ಕಾಗದ ಇಳಿಸಿದೆ.

ಹಾಜಿಗಳು ಕೇಳಿದರು, “ಮುಗೀತಾ?”

“ಮುಗೀತು.”

“ಹೇಗೆ ಗೊತ್ತಾಯ್ತು?”

“ಅವಳು ನಿಲ್ಸಿದಾಳಲ್ಲ.”

ಹಾಜಿಗಳು ಗಡ್ಡ ಸವರುತ್ತಾ ಹೇಳಿದರು, “ಈ ಕಲ್ಲಿನ ಮೇಲೆ ಕೂತು ಕೂತು ಇದು ನುಣುಪಾಗಿದೆ. ಇವತ್ತಿನ ತನಕ ಯಾರ ಸಾಲನ್ನೂ ನಾನು ಕೊನೇ ತನಕ ಕೇಳಿಲ್ಲ ಅಂತ ಇವತ್ತು ತಿಳೀತು. ಅರ್ಧ ಕೇಳ್ತೀವಿ, ಮಿಕ್ಕಿದ್ದು ನಾವೇ ಕೂಗ್ತೀವಿ. ಈ ಹುಡುಗಿ ನಮಗೆ ಕೂಗೋಕೆ ಜಾಗಾನೇ ಬಿಡ್ಲಿಲ್ಲ. ಪದ್ಯದ ಶಾಸ್ತ್ರ ಏನನ್ನುತ್ತೋ ಕಾಣೆ, ನಾನು ಪದ್ಯ ಅಂತೀನಿ. ಕೊಂಬೊನ ಪದ ಇಳೀತು.”

ಶೆಕುವೆ ಜಿಗಿದು ಎದ್ದ. “ಪದ್ಯ ಅಂದ್ರೆ ಉತ್ತರ ಕೊಡೋ ಹಕ್ಕು ನಂದು!”

“ಕೊಡಪ್ಪ. ಬೇಡ ಅಂದೋರ್ಯಾರು?”

ಅವನು ಕಣ್ಣು ಮುಚ್ಚಿದ. ಕೆಮ್ಮಿದ. ಬೆರಳು ಮಡಚಿ ಎಣಿಸಲು ಶುರುಮಾಡಿದ, ನಿಲ್ಲಿಸಿದ. ಮತ್ತೆ ಶುರುಮಾಡಿದ. ಮೂವತ್ತು ವರ್ಷದಲ್ಲಿ ಶೆಕುವೆಯ ಬಾಯಿ ತೆರೆದು ಪದ ಬಾರದ್ದನ್ನು ನಾನು ಕಂಡಿರಲಿಲ್ಲ. ಕುಣಿಯಬೇಕು ಅನ್ನಿಸಿತು. ನಿಜ ಹೇಳಬೇಕೆಂದರೆ ಸ್ವಲ್ಪ ಕುಣಿದೆ ಕೂಡ.

“ಹಿಡಿಯೋಕೆ ಏನೂ ಇಲ್ವಲ್ಲೋ ಇದ್ರಲ್ಲಿ!” ಎಂದು ಕೂಗಿದ.

ಆಗ ಮುನೀರ್ ಬಂದು ಅವನ ತೋಳು ಹಿಡಿದ. ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದ. “ಚಿಕ್ಕಪ್ಪ, ಬನ್ನಿ. ಅವಳು ಇಲ್ಲ ಅಂದ್ಲು. ನಂಗೆ ಅರ್ಥ ಆಯ್ತು.” ಹೋಗುವಾಗ ನನ್ನ ಹತ್ತಿರ ನಿಂತು, ಅಂಗಡಿ ಬಾಗಿಲಿನ ಬಟ್ಟೆಯ ಸಾಲನ್ನು ಇನ್ನೊಮ್ಮೆ ಓದುತ್ತೀರಾ ಎಂದು ಕೇಳಿದ. ಓದಿದೆ. ತಲೆಯಾಡಿಸಿ ಹೋದ. ಒಳ್ಳೆಯ ಹುಡುಗ. ಈ ಮಾತು ಅಷ್ಟಕ್ಕೇ ಬಿಡುತ್ತೇನೆ.

ನೀನು ಓದು ಕಂದ. ನಿನ್ನ ಸರ್ಟಿಫಿಕೇಟು ತೆಗೆದುಕೋ, ನಿನ್ನ ತರಗತಿ ತೆಗೆದುಕೋ. ಇವತ್ತು ನಿನ್ನ ಅಮ್ಮ ತೆಂಗಿನ ಹಾಲಿನ ಅನ್ನ ಮಾಡಿ, ನನ್ನ ತಟ್ಟೆಗೆ ಹಾಕಿ, “ಸಾಕಾ ಮಾವ?” ಎಂದಳು. ಎರಡೂವರೆ ತಿಂಗಳಿಗೆ ಮೊದಲ ಮಾತು. ತಂತಿಯ ಮಾತು ಅದರ ಹಿಂದೆಯೇ ಬಂತು. ಇನ್ನೆರಡು ಸೌಟು ಹಾಕಿಸಿಕೊಂಡೆ.

ನಿನ್ನ ಪದ ಹೊತ್ತವನು,
ತಾತ ಕೊಂಬೊ


ಮೊಂಬಾಸಾ
ಅಕ್ಟೋಬರ್ ೨, ೧೯೭೭

ನನ್ನ ತಾತ,

ನಿಮ್ಮ ಕಾಗದವನ್ನು ತಾರಸಿಯ ಮೇಲೆ ನಿಂತೇ ಓದಿದೆ, ನೀವು ನಿಂತು ಬರೆದ ಹಾಗೆ. ಹುಡುಗಿಯರೆಲ್ಲ ಕಿರುಚಿದ್ದಕ್ಕೆ ವಾರ್ಡನ್ ಬೆಂಕಿ ಬಿತ್ತೆಂದು ಓಡಿ ಬಂದರು. ‘ಕೂಗೋಕೆ ಜಾಗಾನೇ ಬಿಡ್ಲಿಲ್ಲ’ ಎಂಬ ಹಾಜಿ ಅಜ್ಜನ ಮಾತನ್ನು ಒಬ್ಬಳು ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದುಬಿಟ್ಟಿದ್ದಾಳೆ.

ಅಳಲಿಲ್ಲ ಎಂದು ಬರೆಯಬೇಕೆಂದಿದ್ದೆ. ಬೇಡ.

ಅಮ್ಮ ಬೇರೆ ಬರೆದಿದ್ದಾಳೆ. ಜಗಲಿಗೆ ಇಳಿಯುವ ಮೊದಲು ನೀವು ಬಾಗಿಲ ಹಿಂದೆ ನಿಂತು ಬೆರಳು ಮಡಚುತ್ತಾ ನನ್ನ ಪದ್ಯವನ್ನು ಮಣಮಣ ಎಣಿಸುತ್ತಿದ್ದಿರಂತೆ. ನಿಜ ಹೇಳಿ ತಾತ. ಏನಾದರೂ ತಿದ್ದಿದಿರಾ?

ನಿಮ್ಮ
ಸೌದಾ


ಲಾಮು
ಅಕ್ಟೋಬರ್ ೧೧, ೧೯೭೭

ಸೌದಾ,

ನಿನ್ನ ಅಮ್ಮನಿಗೆ ಎಲ್ಲವೂ ಕಾಣುತ್ತದೆ.

ಇಲ್ಲಿ ಏನಾಗಿದೆ ಗೊತ್ತಾ? ಬೀದಿಯ ಹುಡುಗರೆಲ್ಲ ಪ್ರಾಸ ಬಿಟ್ಟು ಬರೆದು ತಂದು ನನಗೆ ತೋರಿಸುತ್ತಿದ್ದಾರೆ. ಅಯ್ಯೋ ಅಯ್ಯೋ! ಪ್ರಾಸವೂ ಇಲ್ಲ, ಒಳಗೆ ಸರಕೂ ಇಲ್ಲ. ಬೈದು ಬೈದು ಕಳಿಸುತ್ತೇನೆ, ಮಾರನೆಯ ದಿನ ಮತ್ತೆ ತರುತ್ತಾರೆ. ಶೆಕುವೆಯೂ ಬಂದಿದ್ದ. ಯಾರೂ ಇಲ್ಲದಾಗ ಜೇಬಿನಿಂದ ಒಂದು ಕಾಗದ ತೆಗೆದ. ಪ್ರಾಸವಿಲ್ಲದ್ದು! ‘ಕೆಟ್ಟದಾಗಿದೆ’ ಎಂದೆ. ‘ಗೊತ್ತು’ ಎಂದ. ಸೂರ್ಯ ಮುಳುಗುವ ತನಕ ಇಬ್ಬರೂ ಕೂತು ಅದನ್ನು ಸರಿಮಾಡಲು ನೋಡಿದೆವು, ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ಇಬ್ಬರಿಗೂ ತಿಳಿಯದಂತೆ ಪ್ರಾಸ ಬಂದು ಕೂತಿತ್ತು. ಹಾಜಿಗಳು ನೀನು ಬಂದಾಗ ನಿನ್ನ ಬಾಯಿಂದಲೇ ಕೇಳಬೇಕಂತೆ. ನಾನು ಉಸಿರು ತೆಗೆದುಕೊಂಡ ಜಾಗಗಳು ತಪ್ಪು ಎಂದು ಅವರಿಗೆ ಗುಮಾನಿ.

ಇನ್ನು ನಿನ್ನ ಪ್ರಶ್ನೆ. ಹೌದು, ಎಣಿಸಿದೆ. ‘ಅವಳ ಕೈ ಹಿಡಿದು ನಾನು ಬರೆಯಿಸಲು ಹೋಗದೆ’, ಈ ಸಾಲಿದೆಯಲ್ಲ, ಇದು ಹೆಚ್ಚುಕಡಿಮೆ ನಮ್ಮ ತಕ್ಕಡಿಗೆ ಬರುವಂಥದ್ದು. ಒಂದೇ ಒಂದು ಅಕ್ಷರ ಹೆಚ್ಚು. ‘ನಾನು’ ಎನ್ನುವುದನ್ನು ‘ನಾ’ ಮಾಡಿದರೆ ಎಂಟೂ ಎಂಟೂ ಸರಿಯಾಗಿ ಕೂರುತ್ತದೆ, ಯಾರಿಗೂ ತಿಳಿಯುವುದಿಲ್ಲ, ನಿನಗೂ. ಉಪವಾಸದ ತಿಂಗಳು ಪೂರ್ತಿ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ ಕಾಡಿತು. ಜಗಲಿಯ ಮೇಲೆ, ಅಷ್ಟು ಜನರ ಮುಂದೆ, ಆ ಸಾಲಿಗೆ ಬಂದಾಗ ನಾಲಗೆ ತಾನಾಗಿಯೇ ಆ ಕಡೆ ವಾಲಿತು. ಐವತ್ತು ವರ್ಷದ ಅಭ್ಯಾಸ ಕಣಮ್ಮ. ಯಾರ ಸಾಲನ್ನೂ ಹಾಗೇ ಬಿಟ್ಟವನಲ್ಲ ನಾನು.

ನೀನು ಬರೆದ ಹಾಗೇ ಓದಿದೆ.

ತಾತ ಕೊಂಬೊ